ತಿಮೋರಿನಲ್ಲಿ ನಾನು ಸುತ್ತಿಟ್ಟ ಚಾಪೆ

ಮಿರಜ ಸ್ಟೇಷನ್ನು

ನಮ್ಮ ಐನಾಪುರದವರಿಗೆ ಪರದೇಶ ಅಂದರೆ ದುಬೈ, ಇಲ್ಲವೇ ಅಮೆರಿಕ. ನಾನು ಪೂರ್ವ ತಿಮೋರಿಗೆ ಹೊರಟಿದ್ದೇನೆ ಎಂದಾಗ ಓಣಿಯ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಶಾಲೆಯಿಂದ ಭೂಪಟ ತಂದು, ಇಂಡೋನೇಷ್ಯಾದ ಬಾಲದ ತುದಿಯಲ್ಲಿ ಅವಲಕ್ಕಿ ಕಾಳಿನಷ್ಟಿದ್ದ ಆ ದೇಶವನ್ನು ತೋರಿಸಿದೆ. ಪಕ್ಕದ ಮನೆಯ ಗಂಗವ್ವ ಕನ್ನಡಕ ಏರಿಸಿ ನೋಡಿ, "ಅಕ್ಕಾರ, ಇಷ್ಟ ಸಣ್ಣ ಊರಾಗ ಜಗಳ ಆಡಾಕ ಜಾಗಾರ ಎಲ್ಲಿ ಐತ್ರಿ?" ಎಂದು ಕೇಳಿದಳು. ಜಗಳಕ್ಕೆ ಜಾಗ ಬೇಕಿಲ್ಲ ಎಂಬುದು ಗಂಗವ್ವನಿಗೂ ಗೊತ್ತು. ನಮ್ಮ ಓಣಿಯಲ್ಲಿ ಒಂದು ಬೋರ್ಡಿನ ಅಗಲದ ಜಾಗದಲ್ಲಿ ಜಗಳವಾಗಿತ್ತು.

ಅದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಪ್ರೈಮರಿ ಶಾಲೆಯ ಒಬ್ಬ ಮಾಸ್ತರಿಣಿಗೆ ವಿಮಾನ ಹತ್ತುವ ಯೋಗ ಹೇಗೆ ಬಂತು ಎಂಬುದು ತಿಳಿಯುವುದಿಲ್ಲ. ನಮ್ಮದು ಗಡಿ ಸೀಮೆ. ಆಗ ನಾವು ಅಥಣಿ ತಾಲ್ಲೂಕಿನವರು, ಕಾಗವಾಡ ತಾಲ್ಲೂಕಾದದ್ದು ಆಮೇಲೆ. ಬೆಳಗಾವಿಯಲ್ಲೋ ನಿಪ್ಪಾಣಿಯಲ್ಲೋ ಯಾರಾದರೂ ಮೈಕು ಹಿಡಿದರೆ ಇಲ್ಲಿ ಬಸ್ಸು ನಿಲ್ಲುತ್ತವೆ. ಒಂದು ಸಲ ಓಣಿಯ ಬೋರ್ಡಿಗೆ ಯಾರೋ ಡಾಂಬರು ಬಳಿದರು, ಮರುದಿನ ಕಲ್ಲು ಬಿದ್ದವು. ಗಂಡಸರು ಎರಡು ಪಾರ್ಟಿಯಾದರು. ನಾವು ಹೆಣ್ಣುಮಕ್ಕಳು ಕನ್ನಡದವರು, ಮರಾಠಿಯವರು ಎಲ್ಲ ಸೇರಿ ಒಂದೇ ಜಮಖಾನದ ಮೇಲೆ ಕುಂಕುಮಕ್ಕೆ ಕೂತು, ಎರಡೂ ಭಾಷೆಯಲ್ಲಿ ಬೋರ್ಡು ಬರೆಸಿ, ನಾವೇ ಏಣಿ ಹಿಡಿದು ಕಟ್ಟಿಸಿದೆವು. ಅಷ್ಟಕ್ಕೇ ಒಂದು ಸಂಸ್ಥೆಯವರು ಬಂದು ನಮ್ಮ ಫೋಟೋ ತೆಗೆದರು. ಜಗಳವಾದ ದೇಶಗಳಲ್ಲಿ ಜನ ಹೇಗೆ ಮತ್ತೆ ಕೂಡಿ ಬಾಳುತ್ತಾರೆ ಎಂದು ನೋಡಿ ಬರಲು ಇಬ್ಬರನ್ನು ಆರಿಸಿದರು. ಒಬ್ಬಳು ನಾನು. ಇನ್ನೊಬ್ಬಳು ರಾಯಬಾಗ ಕಡೆಯ ಸರಕಾರಿ ದವಾಖಾನೆಯ ನರ್ಸು ಸುಜಾತಾ.

ಸುಜಾತಾಳನ್ನು ನಾನು ಮೊದಲು ಕಂಡದ್ದು ಮಿರಜ ಸ್ಟೇಷನ್ನಿನಲ್ಲೇ. ಬೌದ್ಧರ ಮನೆಯ ಹುಡುಗಿ, ಮಾತು ಕಡಿಮೆ, ಇಂಗ್ಲಿಷು ಚೆನ್ನಾಗಿ ಬರುತ್ತದೆ. ನಾನು ಇದಕ್ಕೆಲ್ಲ ತದ್ವಿರುದ್ಧ. ರೈಲು ಬರುವುದರೊಳಗೆ ನಾನು ಅವಳಿಗೆ ನನ್ನ ಮೂರು ತಲೆಮಾರಿನ ಕಥೆ ಹೇಳಿ ಮುಗಿಸಿದ್ದೆ. ಅವಳು ಕೇಳಿದ್ದು ಒಂದೇ. "ಅಕ್ಕಾರ, ಈ ಗಂಟಿನಾಗ ಏನ ಐತ್ರಿ?"

ಗಂಟಿನಲ್ಲಿ ಒಣಗಿಸಿ ಗಟ್ಟಿ ಮಾಡಿದ ಜೋಳದ ಕಟಕ್ ರೊಟ್ಟಿ ಇತ್ತು. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ. ನಾನು ಸಸ್ಯಾಹಾರಿ. ದ್ವೀಪದ ಜನ ಮೀನು ಬಿಟ್ಟು ಏನು ತಿಂದಾರು ಎಂಬ ಭಯದಲ್ಲಿ ನನ್ನ ಯಜಮಾನರು ಎಮ್ಮೆ ಮೇಯಿಸುವುದು ಬಿಟ್ಟು ಒಲೆಯ ಮುಂದೆ ಕೂತು ರೊಟ್ಟಿ ಕಟಕ್ ಮಾಡಿಕೊಟ್ಟಿದ್ದರು.

ಬಾಲಿ

ವಿಮಾನ ಬದಲಿಸಲು ಇಳಿದಾಗ ಆ ರೊಟ್ಟಿ ನಮ್ಮನ್ನು ಬಾಲಿಯ ನಿಲ್ದಾಣದಲ್ಲಿ ಹಿಡಿಸಿಹಾಕಿತು! ಯಂತ್ರದಲ್ಲಿ ಏನು ಕಂಡಿತೋ, ಒಂದರ ಮೇಲೊಂದು ಪೇರಿಸಿದ ಗುಂಡನೆಯ ತಟ್ಟೆಗಳು ಎಂದು ಪೊಲೀಸಿನವರು ನನ್ನನ್ನು ಪಕ್ಕಕ್ಕೆ ಕರೆದರು. ಧೋತರದ ಗಂಟು ಬಿಚ್ಚಿದರು. ಒಬ್ಬ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ. ಅದು ಟಣ್ ಎಂದಿತು. ಅವನಿಗೆ ಸಂಶಯ ಇನ್ನೂ ಹೆಚ್ಚಿತು. ನಾನು ದೇವರ ಮೇಲೆ ಭಾರ ಹಾಕಿ ಒಂದನ್ನು ಮುರಿದು, ಚಟ್ನಿ ಹಚ್ಚಿ, ಅವನೆದುರಿಗೇ ಕಟಕಟನೆ ತಿಂದೆ. ಇನ್ನೊಂದನ್ನು ಅವನ ಕೈಗಿಟ್ಟೆ. ತಿಂದ. ಕಣ್ಣಲ್ಲಿ ನೀರು ಬಂತು, ಆದರೂ ಶೇಂಗಾದ ರುಚಿ ಗುರುತು ಸಿಕ್ಕಿತೇನೋ, ನಗುತ್ತ ಗೆಳೆಯನನ್ನು ಕರೆದ. ನಮ್ಮ ಗಂಟು ಅರ್ಧವಾಯಿತು, ಮಾನ ಪೂರ್ತಿ ಉಳಿಯಿತು. ಸುಜಾತಾ ಮೊದಲ ಸಲ ಬಾಯಿ ತುಂಬ ನಕ್ಕಿದ್ದು ಅಲ್ಲೇ.

ದಿಲಿ

ದಿಲಿ ಆ ದೇಶದ ರಾಜಧಾನಿ. ಇಳಿದ ಕೂಡಲೇ ಸಮುದ್ರ ಕಂಡು ನಾನು ಸಣ್ಣ ಹುಡುಗಿಯಂತೆ ಕೂಗಿದೆ. ಕೃಷ್ಣಾ ನದಿಗೆ ಮಹಾಪೂರ ಬಂದಾಗ ನೋಡಿದ್ದೇ ನನಗೆ ದೊಡ್ಡ ನೀರು. ಇಲ್ಲಿ ನೀರು ಆಕಾಶಕ್ಕೆ ಹೋಗಿ ಹತ್ತಿತ್ತು, ಬಣ್ಣವಂತೂ ಹೊಸ ಧಾರವಾಡಿ ಸೀರೆಯ ನೀಲಿ.

ಆಮೇಲೆ ತಿರುಗಿ ಊರ ಕಡೆ ನೋಡಿದೆ. ಸಾಲು ಸಾಲು ಮನೆಗಳು, ಗೋಡೆ ಇವೆ, ಮಾಡು ಇಲ್ಲ. ಕಿಟಕಿಯ ಮೇಲೆ ಹೊಗೆಯ ಕಪ್ಪು ಹಾಗೇ ಇದೆ. ಪೋರ್ಚುಗೀಸರು ಹೋದ ಮೇಲೆ ಇಂಡೋನೇಷ್ಯಾದ ಕೈಯಲ್ಲಿದ್ದ ಈ ಜನ, ಸ್ವತಂತ್ರರಾಗಬೇಕೆಂದು ಓಟು ಹಾಕಿದ್ದರು. ಅದಕ್ಕೆ ಒಪ್ಪದ ಪಡೆಗಳು ಊರೂರು ಸುಟ್ಟವು. ಆ ಪಡೆಗಳಲ್ಲಿ ಹೊರಗಿನವರಷ್ಟೇ ಅಲ್ಲ, ಅದೇ ಊರಿನ ಹುಡುಗರೂ ಇದ್ದರು. ಆಮೇಲೆ ಅವರು ಗಡಿ ದಾಟಿ ಆಚೆಯ ಶಿಬಿರಗಳಿಗೆ ಓಡಿದರು. ಈಗ ಆ ಬೆಂಕಿ ಬಿದ್ದು ನಾಲ್ಕು ವರ್ಷ, ಸ್ವಾತಂತ್ರ್ಯ ಬಂದು ವರ್ಷ, ಒಂದೂವರೆ ವರ್ಷವಾಗಿತ್ತು. ಓಡಿದವರು ಹಿಂದಕ್ಕೆ ಬರುತ್ತಿದ್ದರು. ಕೊಲೆಯಂಥ ಅಪರಾಧಕ್ಕೆ ಕೋರ್ಟು. ಮನೆ ಸುಟ್ಟವರು, ಲೂಟಿ ಮಾಡಿದವರು ಊರ ಮುಂದೆ ಕೂತು ತಪ್ಪು ಹೇಳಬೇಕು, ಊರು ಹೂಂ ಅಂದರೆ ಮಾತ್ರ ಉಳಿಯಬಹುದು. ನಾವು ನೋಡಲು ಬಂದದ್ದು ಅದನ್ನೇ.

ನಮ್ಮ ದುಭಾಷಿ ಲೂಸಿಯಾ ಎಂಬ ಹುಡುಗಿ. ಅವಳಿಗೆ ಇಂಗ್ಲಿಷು ಬರುತ್ತಿತ್ತು, ಹಿಂದಿ ಸಿನಿಮಾದ ಹಾಡುಗಳೂ ಬರುತ್ತಿದ್ದವು. ಅಲ್ಲಿ ಟೀವಿಯಲ್ಲಿ ಹಿಂದಿ ಸಿನಿಮಾ ಅಂದರೆ ಪ್ರಾಣ. ಮಾರ್ಕೆಟ್ಟಿನಲ್ಲಿ ನನ್ನ ಸೀರೆ ನೋಡಿದವರೆಲ್ಲ ಕುಣಿಯಲು ಹೇಳುತ್ತಿದ್ದರು. ಗಂಡಸರು ಕಂಕುಳಲ್ಲಿ ಹುಂಜ ಇಟ್ಟುಕೊಂಡು, ಮಗುವಿನ ಹಾಗೆ ಅದರ ಎದೆ ನೇವರಿಸುತ್ತ ತಿರುಗುತ್ತಾರೆ. ಮಕ್ಕಳನ್ನು ಹೆಂಗಸರು ಎತ್ತಿಕೊಂಡಿರುತ್ತಾರೆ. ಈ ವ್ಯವಸ್ಥೆ ಮಾತ್ರ ನಮ್ಮೂರಿನದೇ, ನಮ್ಮಲ್ಲಿ ಹುಂಜದ ಬದಲು ಇಸ್ಪೀಟು.

ಊಟದ ಭಯ ಒಂದೇ ಹೊತ್ತಿನಲ್ಲಿ ಹೋಯಿತು. ಗೋವಿನಜೋಳ, ಹೆಸರುಕಾಳು, ಕುಂಬಳಕಾಯಿ ಸೇರಿಸಿ ಬೇಯಿಸಿದ ಒಂದು ಅಡಿಗೆ ಕೊಟ್ಟರು. ಪಕ್ಕಕ್ಕೆ ಹಸಿಮೆಣಸಿನ ಖಾರ. ಪರದೇಶದವರಿಗೆ ಇದು ಆಗುವುದಿಲ್ಲ ಎಂದು ಲೂಸಿಯಾ ಬಟ್ಟಲು ದೂರ ಸರಿಸಿದಳು. ನಾವಿಬ್ಬರೂ ಆ ಬಟ್ಟಲು ಬಳಿದಿಟ್ಟೆವು. ಅಡಿಗೆಯವಳು ಒಳಗಿನಿಂದ ಬಂದು ನಮ್ಮನ್ನು ನೋಡಿಕೊಂಡು ಹೋದಳು.

ಗುಡ್ಡದ ಹಾದಿ

ಹಳ್ಳಿಗೆ ಜೀಪಿನಲ್ಲಿ ಹೊರಟೆವು. ಊರಿನ ಹೆಸರು ಬರೆಯುವುದಿಲ್ಲ, ಅವರು ನಮ್ಮನ್ನು ನಂಬಿ ತಮ್ಮ ನಡುವೆ ಕೂಡಿಸಿಕೊಂಡಿದ್ದರು. ದಾರಿಯ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಬರೀ ಗಾಳಿ. ನಾನು ಎಲ್ಲ ದೇವರನ್ನೂ ಕರೆಯುತ್ತ, ಕೊಕಟನೂರ ಯಲ್ಲಮ್ಮನಿಗೆ ಹೆಚ್ಚುವರಿ ಹರಕೆ ಹೊತ್ತೆ.

ಜೀಪು ಕೆಟ್ಟು ನಿಂತಾಗ ನನಗೂ ಸುಜಾತಾಳಿಗೂ ವಾದ ಹತ್ತಿತು. "ಎಂಥಾ ಛಲೋ ಪದ್ಧತಿ ನೋಡು," ಎಂದೆ ನಾನು. "ಕೋರ್ಟಿಲ್ಲ, ವಕೀಲರಿಲ್ಲ. ಊರವ್ರು ಕೂತು ರಾಜಿ ಮಾಡ್ತಾರ."

ಅವಳು ರಸ್ತೆಯ ಕಲ್ಲಿನ ಮೇಲೆ ಕೂತಿದ್ದಳು. "ಅಕ್ಕಾರ, ರಾಜಿ ಅಂದ್ರ ನನಗ ಅಂಜಿಕಿ ಬರ್ತೈತ್ರಿ," ಎಂದಳು. "ನಮ್ಮಣ್ಣನ ಲಗ್ನದಾಗ ಮೆರವಣಿಗಿ ಊರ ನಡುವ ಹಾದು ಹೋತು ಅಂತ ಮ್ಯಾಲಿನ ಜಾತಿಯವ್ರು ನಮ್ಮಪ್ಪಗ ಹೊಡದ್ರು. ಮರುದಿನ ಹಿರೇರು ಕೂಡ್ಯಾರ. ಊರಾಗ ಎಲ್ಲಾರೂ ಕೂಡಿ ಇರಬೇಕಲ್ಲಾ ಅಂದ್ರು. ಹೊಡದಾವ್ರು ಚಹಾ ತರಿಸಿದ್ರು, ಎಲ್ಲಾರೂ ಕುಡದ್ರು, ರಾಜಿ ಆತು. ನಮ್ಮಪ್ಪಗ ಏನ್ ಬೇಕು ಅಂತ ಒಬ್ರೂ ಕೇಳ್ಲಿಲ್ರಿ. ಅಂವಾ ಸಾಯೂತನಕಾ ಆ ಹಾದಿ ಬಿಟ್ಟು ಸುತ್ತು ಹೊಡದು ಹೊಲಕ್ಕ ಹೋಗ್ತಿದ್ದ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಹಾಗೆ. ಬೋರ್ಡಿನ ಜಗಳ ಮುಗಿಸಿದ ಹೆಮ್ಮೆಯಲ್ಲಿದ್ದ ನಾನು ಗಂಟು ಬಿಚ್ಚಿ ಅವಳ ಕೈಗೆ ಒಂದು ರೊಟ್ಟಿ ಕೊಟ್ಟೆ. ಅಷ್ಟರಲ್ಲಿ ಜೀಪು ಶುರುವಾಯಿತು, ನಾನು ಬದುಕಿದೆ.

ಚಾಪೆ

ಊರ ನಡುವೆ ದೊಡ್ಡ ಮರ, ಅದರ ಕೆಳಗೆ ತಾಳೆಗರಿಯ ಅಗಲವಾದ ಚಾಪೆ. ಆ ಸೀಮೆಯಲ್ಲಿ ಚಾಪೆ ಹಾಸುವುದು ಎಂದರೇ ನ್ಯಾಯಕ್ಕೆ ಕೂಡುವುದು. ನಡೆಸುವವನನ್ನು ಮಾತಿನ ಒಡೆಯ ಎಂದು ಕರೆಯುತ್ತಾರೆ. ಈ ಊರಿನ ಮಾತಿನ ಒಡೆಯ ಹಲ್ಲಿಲ್ಲದ ಒಬ್ಬ ಅಜ್ಜ, ಹೆಗಲ ಮೇಲೆ ಕೈಮಗ್ಗದ ಪಟ್ಟೆಯ ವಸ್ತ್ರ. ಅವನು ಮೊದಲು ಎಲೆ ಅಡಿಕೆಯ ಬುಟ್ಟಿ ತಿರುಗಿಸಿದ. ನನಗೆ ಕುಣಿಯುವಷ್ಟು ಸಂತೋಷ! ಎಲೆ, ಅಡಿಕೆ, ಸುಣ್ಣ, ತಂಬಾಕಿನ ಎಳೆ, ಒಂದೂ ಕಡಿಮೆ ಇಲ್ಲ. ತಂಬಾಕು ಮೂಸಿ ನೋಡಿ, ನಿಪ್ಪಾಣಿಯ ಮುಂದೆ ಇದು ಸಪ್ಪೆ ಎಂದೆ. ಲೂಸಿಯಾ ಅದನ್ನು ಅನುವಾದಿಸಲಿಲ್ಲ, ಪುಣ್ಯ.

ಮಾತುಕತೆ ಅವರ ಟೆಟುಮ್ ಭಾಷೆಯಲ್ಲಿ. ಲೂಸಿಯಾ ಸುಜಾತಾಳಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಸುಜಾತಾ ನನ್ನ ಕಿವಿಯಲ್ಲಿ ನಮ್ಮ ಕನ್ನಡದಲ್ಲಿ. ಹೀಗಾಗಿ ಆ ಊರಿನವರೆಲ್ಲ ನನಗೆ ರಾಯಬಾಗದವರಂತೆಯೇ ಕೇಳಿಸಿದರು. ಈಗಲೂ ಅವರ ಮಾತು ನೆನಪಾಗುವುದು ಹಾಗೆಯೇ.

ತಪ್ಪು ಹೇಳಲು ಬಂದವನು ಮಾನುಯೆಲ್, ಆ ಊರಿನ ಬಡಿಗ. ಹಿಂದೆ ಹೆಂಡತಿ, ಎರಡು ಮಕ್ಕಳು, ಒಂದು ಅರಿವೆಯ ಗಂಟು. ಊರು ಒಪ್ಪದಿದ್ದರೆ ಅವರು ಸಂಜೆಯೊಳಗೆ ಗಡಿಯಾಚೆಯ ಶಿಬಿರಕ್ಕೆ ಹಿಂದಿರುಗಬೇಕು. ಎದುರಿಗೆ ಫಿಲೋಮೆನಾ ಎಂಬ ವಿಧವೆ, ಪಕ್ಕದಲ್ಲಿ ಮಗಳು ಎಲ್ಸಾ. ಅವರ ಮನೆಗೆ ಬೆಂಕಿ ಇಟ್ಟವನು ಮಾನುಯೆಲ್.

"ಆ ಪಡೆಯವ್ರು ನನ್ನ ಕೈಯಾಗ ಕೊಳ್ಳಿ ಕೊಟ್ರು," ಎಂದ ಅವನು. "ಆಕಿ ಮನಿ ತೋರಿಸಿದ್ರು. ಒಲ್ಲೆ ಅಂದ್ರ ನನ್ನ ಮನಿ ಸುಡ್ತಿದ್ರು. ನಾ ಆಕಿ ಮನಿ ಸುಟ್ಟೆ. ತಪ್ಪಾತು."

ಹಿರಿಯರು ಪ್ರಶ್ನೆ ಕೇಳಿದರು, ಅವನು ಉತ್ತರ ಕೊಟ್ಟ. ಮತ್ತೆ ಹಿರಿಯರು, ಮತ್ತೆ ಅವನು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಎಲ್ಲ ಪಕ್ಕಾ ಆದಂತೆಯೇ ಕಂಡಿತು. ಅವನು ಚರ್ಚಿನ ಬೇಲಿ ಕಟ್ಟಬೇಕು, ಎಲೆ ಅಡಿಕೆ ಕೊಡಬೇಕು, ಕೈ ಹಿಡಿದು ಕ್ಷಮೆ ಕೇಳಬೇಕು. ಊಟ ಮಾಡಿ ಬಂದು ಮುಗಿಸೋಣ ಎಂದು ಅಜ್ಜ ಎದ್ದ.

ಸುಜಾತಾಳ ಮುಖ ಸಣ್ಣದಾಗಿತ್ತು. "ನೋಡಿದ್ರಿಲ್ಲೋ? ಫಿಲೋಮೆನಾ ಒಂದ ಮಾತೂ ಆಡಿಲ್ಲ. ಇಲ್ಲೀನೂ ಚಹಾ ಬಂತ್ರಿ," ಎಂದಳು. ಅವಳು ಊಟಕ್ಕೂ ಹೋಗದೆ ಮರದ ಆಚೆ ಹೋಗಿ ಕೂತಳು.

ಎಲ್ಲರೂ ಅಡಿಗೆಯ ಚಪ್ಪರದ ಕಡೆ ಹೋದರು. ಚಾಪೆಯ ಮೇಲೆ ಸುಣ್ಣದ ಪುಡಿ, ಎಲೆಯ ತೊಟ್ಟು. ಒಂದು ಕೋಳಿ ಆಗಲೇ ಹತ್ತಿತ್ತು. ನಮ್ಮಲ್ಲಿ ಜನ ಎದ್ದ ಮೇಲೆ ಹಾಸಿದ್ದನ್ನು ಹಾಗೇ ಬಿಟ್ಟರೆ ಮನೆಯ ಹೆಣ್ಣಿಗೆ ಶಿಸ್ತಿಲ್ಲ ಎಂದು ಅರ್ಥ. ಖಾಲಿ ಚಾಪೆಯ ಮೇಲೆ ಶನಿ ಬಂದು ಮಲಗುತ್ತಾನೆ ಎಂದು ನಮ್ಮ ಅತ್ತೆ ದಿನಾ ಹೇಳಿ ಹೇಳಿ ನನ್ನ ಕೈಗೆ ರೂಢಿಯಾಗಿದೆ. ಶಾಲೆಯಲ್ಲಿ ಪಾಲಕರ ಸಭೆ ಮುಗಿಯುವ ಮೊದಲೇ ನಾನು ಜಮಖಾನದ ತುದಿ ಮಡಚಲು ಶುರು ಮಾಡುತ್ತೇನೆ. ಪರದೇಶದಲ್ಲಿ ನಮ್ಮ ಸಂಸ್ಕಾರ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಎಲ್ಲಿ! ಕೋಳಿ ಓಡಿಸಿದೆ, ಚಾಪೆ ಕೊಡವಿದೆ, ಅಚ್ಚುಕಟ್ಟಾಗಿ ಸುತ್ತಿ ಮರಕ್ಕೆ ಆನಿಸಿ ನಿಲ್ಲಿಸಿದೆ.

ತಿರುಗಿ ನೋಡಿದರೆ ಚಪ್ಪರದಲ್ಲಿ ಯಾರೂ ಊಟ ಮಾಡುತ್ತಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಮಾನುಯೆಲ್ ತಟ್ಟೆ ಕೆಳಗಿಟ್ಟು ಎದ್ದು ನಿಂತಿದ್ದ. ಅವನ ಹೆಂಡತಿ ಅಳುತ್ತ ಅರಿವೆಯ ಗಂಟನ್ನು ಬಿಗಿಯತೊಡಗಿದಳು. ಅಜ್ಜ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ.

ಲೂಸಿಯಾ ಓಡಿ ಬಂದು ಸುಜಾತಾಳಿಗೆ ಹೇಳಿದಳು, ಸುಜಾತಾ ನನಗೆ ಹೇಳಿದಳು. "ಅಕ್ಕಾರ, ಏನ್ ಮಾಡಿದ್ರಿ! ನ್ಯಾಯ ಮುಗಿಯೂತನಕಾ ಚಾಪಿ ಎತ್ತಂಗಿಲ್ಲಂತ. ನಡುವ ಸುತ್ತಿದ್ರ ಮಾತು ಮುರೀತು ಅಂತ ಲೆಕ್ಕ. ಹಿಂದಿನ ಮಾತೆಲ್ಲಾ ಬಿದ್ದಹೋತು. ಅಂವಗ ಇನ್ನ ಊರಾಗ ಜಾಗಿಲ್ಲ."

ಹಾಸುವ ಕೆಲಸಕ್ಕೆ ಕೈ ಹಾಕಬಾರದಿತ್ತೇ, ಸುತ್ತಲು ಹೋದೆ! ನನ್ನ ಶಿಸ್ತಿನಿಂದ ಎರಡು ಮಕ್ಕಳು ಮತ್ತೆ ಶಿಬಿರಕ್ಕೆ ಹೋಗಬೇಕೇ? "ಮತ್ತ ಹಾಸಾಕ ಬರಂಗಿಲ್ಲೇನ?" ಎಂದೆ.

"ಬರ್ತೈತಂತ. ಆದ್ರ ಅನ್ಯಾಯ ಆದಾವ್ರು ಹೂಂ ಅನಬೇಕಂತ. ಹಿರೇರು ತಾವಾಗೇ ಹಾಸಂಗಿಲ್ಲಂತ."

ಎಲ್ಲರ ಕಣ್ಣೂ ಫಿಲೋಮೆನಾಳ ಕಡೆ ಹೋದವು. ಬೆಳಗಿನಿಂದ ಮೊದಲ ಸಲ. ನಾನು ಅವಳ ಮುಂದೆ ಹೋಗಿ, ಬೇರೆ ಭಾಷೆ ಬಾರದ್ದರಿಂದ, ನನ್ನ ಎರಡೂ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆದೆ. ಐನಾಪುರದ ಮಕ್ಕಳು ನೋಡಿದ್ದರೆ ಜನ್ಮ ಸಾರ್ಥಕವಾಯಿತು ಎನ್ನುತ್ತಿದ್ದರು. ಮೂರನೆಯದಕ್ಕೆ ಮೊಣಕಾಲು ಹಿಡಿದು ಅಲ್ಲೇ ಕೂತೆ. ಎಲ್ಸಾ ಕಿಸಕ್ಕನೆ ನಕ್ಕಳು. ಫಿಲೋಮೆನಾ ನಗಲಿಲ್ಲ, ಆದರೆ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು.

ಆಮೇಲೆ ಮರದ ಹತ್ತಿರ ಹೋಗಿ ಚಾಪೆಯನ್ನು ತಾನೇ ಎತ್ತಿದಳು. ಅಜ್ಜ ಸಹಾಯಕ್ಕೆ ಹೋದರೆ ಕೈ ಅಡ್ಡ ಮಾಡಿದಳು. ಒಬ್ಬಳೇ ಹಾಸಿ, ನಡುವೆ ಕೂತಳು.

"ಮುಂಜಾನಿಂದ ನೀವ ಮಾತಾಡೀರಿ," ಎಂದಳು ಹಿರಿಯರಿಗೆ. "ಈಗ ಚಾಪಿ ನಾ ಹಾಸೀನಿ. ನಾ ಕೇಳ್ತೀನಿ."

ಸುಜಾತಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒಡೆಯಿತು.

ಬಾಗಿಲು

ಫಿಲೋಮೆನಾ ಕೇಳಿದ್ದು ಬೆಂಕಿಯ ವಿಷಯವಲ್ಲ. "ಮಾನುಯೆಲ್, ನನ್ನ ಬಾಗಿಲಾ ಎಲ್ಲಿ?" ಎಂದು ಕೇಳಿದಳು.

ಅವನು ತಲೆ ತಗ್ಗಿಸಿದ.

"ಬೂದಿ ನಾನ ಬಳದೀನಿ," ಎಂದಳು ಅವಳು. "ಬಾಗಿಲದ ಕಬ್ಬಣ ಸಿಗಲಿಲ್ಲ. ಮೊಳೀನೂ ಸಿಗಲಿಲ್ಲ. ನನ್ನ ಲಗ್ನಕ್ಕ ಆ ಬಾಗಿಲಾ ನೀನ ಮಾಡಿಕೊಟ್ಟಿದ್ದಿ. ಸುಡೂಕ್ಕಿಂತ ಮೊದಲ ಅದನ್ನ ಬಿಚ್ಚಕೊಂಡು ಹೋದಿ. ಹೌದಲ್ಲೋ?"

ಇದು ಬೆಳಗಿನ ಮಾತಿನಲ್ಲಿ ಬಂದಿರಲಿಲ್ಲ. ಹಿರಿಯರು ಒಬ್ಬರನ್ನೊಬ್ಬರು ನೋಡಿದರು. ಮಾನುಯೆಲ್ ತನ್ನ ಅಂಗೈ ನೋಡಿಕೊಂಡ. ಬೆಂಕಿಗೆ ಅವನ ಹತ್ತಿರ ಕಾರಣವಿತ್ತು, ಯಾರೋ ಕೊಳ್ಳಿ ಕೊಟ್ಟಿದ್ದರು. ಬಾಗಿಲಿಗೆ ಯಾರೂ ಹೇಳಿರಲಿಲ್ಲ.

"ಹೌದು," ಎಂದ. "ಛಲೋ ಕಟಿಗಿ ಇತ್ತು. ನನ್ನ ಕೈಯಾಂದು. ಸುಡಾಕ ಮನಸ್ಸಾಗಲಿಲ್ಲ. ನಿನ್ನ ಮನಿ ಸುಟ್ಟೆ, ಬಾಗಿಲಾ ಸುಡಲಿಲ್ಲ. ಹೊತಗೊಂಡು ಹೋದೆ. ಶಿಬಿರದಾಗ ಮಳಿ ನೀರು ಒಳಗ ಬರ್ತಿತ್ತು. ಮಕ್ಕಳು ಅದರ ಮ್ಯಾಲ ಮಲಗ್ಯಾವು. ಕಡೀಗೆ ಒಲಿಗೆ ಕಟಿಗಿ ಇರಲಿಲ್ಲ, ಸೀಳಿದೆ."

ನಾನು ಅಲ್ಲಿಯವರೆಗೆ ಅವನ ಪರವಾಗಿದ್ದೆ, ಈಗ ಅವನ ಮೇಲೆ ಸಿಟ್ಟು ಬಂತು. ಆ ಎರಡು ಮಕ್ಕಳನ್ನು ನೋಡಿದಾಗ ಸಿಟ್ಟು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಫಿಲೋಮೆನಾಳೂ ಅವರನ್ನೇ ನೋಡುತ್ತಿದ್ದಳು.

"ನಿನ್ನ ಮಕ್ಕಳು ನನ್ನ ಬಾಗಿಲದ ಮ್ಯಾಲ ಮಲಗಿ ದೊಡ್ಡವಾದ್ವು," ಎಂದಳು. "ನನ್ನ ಮಗಳು ಅರಿವಿ ಕಟ್ಟಿದ ಮನಿಯಾಗ ನಿದ್ದಿಗೆಟ್ಟು ದೊಡ್ಡಾಕಿ ಆದ್ಳು. ಗಾಳಿಗೆ ಅರಿವಿ ಅಲಗ್ಯಾಡಿದ್ರ ನೀವ ಬಂದ್ರಿ ಅಂತ ಚೀರತಿದ್ಳು. ಚರ್ಚಿನ ಬೇಲಿ ನನಗ ಬ್ಯಾಡ. ನನಗ ಬಾಗಿಲಾ ಬೇಕು. ನೀನ ಮಾಡಬೇಕು. ಮಾಡು, ಈ ಊರಾಗ ಇರು."

ಅಜ್ಜ, ಹಾಗಾದರೆ ಮೊದಲಿನಂತೆ ಕೂಡಿಯಾಯಿತಲ್ಲ ಎಂದು ಇಬ್ಬರ ಕೈ ಜೋಡಿಸಲು ಹೋದ. ಅವಳು ತಡೆದಳು.

"ಮೊದಲಿನಂಗಲ್ಲ. ಚಿಲಕಾ ಒಳಗಿರ್ಲಿ. ಅವನ ಮಕ್ಕಳು ಬಡದ್ರ ತಗೀತೀನಿ. ಅಂವಾ ಬಡದ್ರ ಆವತ್ತಿನ ದಿನ ನೋಡ್ತೀನಿ."

ಇದನ್ನು ನನಗೆ ಹೇಳುವಾಗ ಸುಜಾತಾ ಎರಡು ಸಲ ನಿಲ್ಲಿಸಿದಳು. ಆಮೇಲೆ ಅನುವಾದವಲ್ಲದ ಮಾತು ಹೇಳಿದಳು. "ನಮ್ಮಪ್ಪಗ ಒಂದ ಸಲ ಚಾಪಿ ಕೈಯಾಗ ಕೊಟ್ಟಿದ್ರ ಸಾಕಿತ್ರಿ ಅಕ್ಕಾರ."

ನಾನು ಒಡೆದ ಬಳೆಯ ಚೂರು ಆರಿಸಿ ಸೆರಗಿಗೆ ಕಟ್ಟಿಕೊಂಡೆ. ಊರಿಗೆ ಹೋದ ಮೇಲೆ ಯಾವ ಜಗಳಕ್ಕೆ ಕೂತರೂ ಪೆಟ್ಟು ತಿಂದವರು ಬಾಯಿ ತೆರೆಯುವವರೆಗೆ ಚಹಾ ತರಿಸುವುದಿಲ್ಲ ಎಂದು ಅಲ್ಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಸಂಜೆ ನಾವು ಹೊರಡುವ ಮೊದಲು ಮಾನುಯೆಲ್ ಫಿಲೋಮೆನಾಳ ಮನೆಗೆ ಅಳತೆಗೆ ಬಂದ. ಅರ್ಧ ಊರೇ ಹಿಂದೆ ಬಂದಿತ್ತು, ಹುಂಜಗಳ ಸಮೇತ. ಬಿದಿರಿನ ಗೋಡೆ, ತಗಡಿನ ಮಾಡು, ಬಾಗಿಲಿನ ಜಾಗದಲ್ಲಿ ಹೂವಿನ ಚಿತ್ತಾರದ ಹಳೆಯ ಬೆಡ್‌ಶೀಟು. ಫಿಲೋಮೆನಾ ಅದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು.

"ಅಳತಿ ಬ್ಯಾಡ," ಎಂದ ಮಾನುಯೆಲ್. "ಹಳೀದು ನನ್ನ ಕೈಗೆ ನೆನಪೈತಿ."

"ಹಳೀದು ಬ್ಯಾಡ," ಎಂದಳು ಫಿಲೋಮೆನಾ. "ನೀ ಅದನ್ನ ಒಯ್ದಾಗ ಈಕಿ ನನ್ನ ಸೊಂಟದಷ್ಟಿದ್ಳು. ಈಗ ನೋಡು." ಮಗಳನ್ನು ಕರೆದು ಹೊಸ್ತಿಲಲ್ಲಿ ನಿಲ್ಲಿಸಿದಳು.

ಮಾನುಯೆಲ್ ಬಿದಿರಿನ ಕೋಲು ಹಿಡಿದು ಎಲ್ಸಾಳ ಮುಂದೆ ಬಂದ. ಅವಳು ಗೋಡೆಗೆ ಅಂಟಿಕೊಂಡಳು, ಅವನ ಕೈ ಅರ್ಧಕ್ಕೆ ನಿಂತಿತು. ಅವಳ ತಲೆಯ ಹತ್ತಿರ ಕೋಲು ಒಯ್ಯಲು ಅವನಿಗೆ ಧೈರ್ಯ ಬರಲಿಲ್ಲ.

ಎಲ್ಸಾ ಕೈ ಚಾಚಿ ಕೋಲಿನ ತುದಿ ಹಿಡಿದಳು. ತಾನೇ ಅದನ್ನು ತನ್ನ ತಲೆಯ ಮೇಲಕ್ಕೆ ಎತ್ತಿ, ಅಲ್ಲಿಂದ ಇನ್ನೂ ಒಂದು ಗೇಣು ಮೇಲೆ ಸರಿಸಿ, ಅವನಿಗೆ ಹೇಳಿದಳು:

"ಇಲ್ಲಿತನಕಾ ಮಾಡು. ನಾ ಇನ್ನೂ ಬೆಳೀತೀನಿ."